ಸವೆದ ಡ್ರಮ್ ಪ್ಯಾಡ್: ಕಂಪನಿ ಸೆನ್ಸರ್, ಬಿಡಿ ತಟ್ಟೆ, ಮೆಶ್ ಮೂರನ್ನೂ ಹಾಕಿ ನೋಡಿದ ಮೇಲೆ

ತುಮಕೂರಿನ ಕಡೆ ಆರ್ಕೆಸ್ಟ್ರಾದವರಿಗೆ ಎರಡು ಸುಗ್ಗಿ. ಗಣೇಶನ ಹಬ್ಬ ಒಂದು, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ ಹೊತ್ತಿಗೆ ಶುರುವಾಗುವ ಊರಹಬ್ಬಗಳು ಇನ್ನೊಂದು. ಇವು ಮುಗಿದ ಮೇಲೆ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್‌ಗಳು ಒಂದೊಂದಾಗಿ ಮಲಗುತ್ತವೆ. ನನ್ನವು, ಗೆಳೆಯರವು, ಗುಬ್ಬಿ, ಕುಣಿಗಲ್ ಕಡೆಯ ತಂಡದವರವು. ದೂರು ಸಾಮಾನ್ಯವಾಗಿ ಎರಡೇ. "ಅಣ್ಣಾ, ಸ್ನೇರ್ ಡಬಲ್ ಹೊಡೀತಿದೆ." ಅಂದರೆ ಒಂದೇ ಪೆಟ್ಟಿಗೆ ಎರಡು ಸಲ ಸೌಂಡ್. ಇಲ್ಲವೇ, "ಜೋರಾಗಿ ಬಾರಿಸಿದ್ರೆ ಮಾತ್ರ ಸೌಂಡ್ ಬರ್ತಿದೆ ಅಣ್ಣಾ." ಜೊತೆಗೆ ಸೆನ್ಸರ್ ಹೋಗಿದೆ ಅಂತ ಅವರೇ ತೀರ್ಮಾನಿಸಿಯೂ ಬಂದಿರುತ್ತಾರೆ. ಹೆಚ್ಚಿನ ಸಲ ಹೋಗಿರುವುದು ಸೆನ್ಸರ್ ಅಲ್ಲ, ಅದನ್ನು ಹಿಡಿದಿಟ್ಟಿರುವ ಟೇಪು, ಸ್ಪಂಜು.

ಬಿಚ್ಚುವ ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೆ ಅದೇ ಪ್ಯಾಡನ್ನು ಮಾಡ್ಯೂಲಿನ (ಪ್ಯಾಡಿನ ಸಿಗ್ನಲನ್ನು ಸೌಂಡ್ ಮಾಡುವ ಪೆಟ್ಟಿಗೆ) ಬೇರೆ ಇನ್‌ಪುಟ್‌ಗೆ ಚುಚ್ಚಿ. ತೊಂದರೆ ಪ್ಯಾಡ್ ಜೊತೆಗೇ ಬಂದರೆ ಮಾತ್ರ ಸ್ಕ್ರೂಡ್ರೈವರ್ ಹಿಡಿಯಿರಿ.

ತುಂಬಾ ಜನ ಬಿಚ್ಚದೆಯೇ ಸೆಟ್ಟಿಂಗ್‌ನಲ್ಲಿ ಸರಿಮಾಡುತ್ತಾರೆ. ಥ್ರೆಶೋಲ್ಡ್, ಅಂದರೆ ಸೌಂಡ್ ಬರಲು ಬೇಕಾದ ಕನಿಷ್ಠ ಪೆಟ್ಟಿನ ಮಟ್ಟ, ಏರಿಸಿದರೆ ಡಬಲ್ ಹೊಡೆತ ನಿಲ್ಲುವುದೇನೋ ನಿಜ. ತಮಟೆ ಟೋನ್ ಇಟ್ಟು ಬಾರಿಸುವವರಿಗೆ ಅಷ್ಟೇ ಸಾಕಾಗಬಹುದು. ಆದರೆ ಭಾವಗೀತೆಗೆ ತಬಲಾ ಟೋನ್ ಇಟ್ಟು ಮೆಲ್ಲಗೆ ಬಾರಿಸಿದರೆ ಸಣ್ಣ ಪೆಟ್ಟುಗಳೆಲ್ಲ ಮಾಯ. ನನಗೆ ಆ ಸಣ್ಣ ಪೆಟ್ಟುಗಳೇ ಮುಖ್ಯ. ಹಾಗಾಗಿ ಸೆಟ್ಟಿಂಗ್ ದಾರಿಯನ್ನು ಕಾರ್ಯಕ್ರಮದ ನಡುವೆ ಮಾನ ಉಳಿಸಿಕೊಳ್ಳುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಸಾಧಾರಣ ರಬ್ಬರ್ ಪ್ಯಾಡ್ ಬಿಚ್ಚಿದರೆ ಒಳಗೆ ಇರುವುದು ಇಷ್ಟೇ: ತಗಡಿನ ಪ್ಲೇಟು, ಅದಕ್ಕೆ ಸ್ಪಂಜಿನ ಡಬಲ್ ಟೇಪಿನಿಂದ ಅಂಟಿಸಿದ ಹಿತ್ತಾಳೆ ತಟ್ಟೆ, ತಟ್ಟೆಯ ನಡುವೆ ಬಿಳಿ ಸೆರಾಮಿಕ್, ಎರಡು ವೈರು. ಇದೇ ಪೀಜೋ. ಪೆಟ್ಟು ಬಿದ್ದಾಗ ಅದುರಿ ಕರೆಂಟ್ ಹುಟ್ಟಿಸುತ್ತದೆ. ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಹರಳುಗಳಲ್ಲಿ ಕಂಡುಹಿಡಿದಿದ್ದರು. ಹಳೇ ಪ್ಯಾಡಿನಲ್ಲಿ ಆ ಟೇಪು ನೆನೆದ ರಸ್ಕಿನ ಹಾಗೆ ಬೆರಳಿಗೆ ಪುಡಿಪುಡಿಯಾಗಿ ಬರುತ್ತದೆ. ತಟ್ಟೆಯ ಒಂದು ಅಂಚು ಎದ್ದಿರುತ್ತದೆ. ಪೆಟ್ಟು ಬಿದ್ದಾಗ ಆ ಅಂಚು ಮತ್ತೆ ಹೋಗಿ ತಗಡಿಗೆ ತಾಗುತ್ತದೆ. ಡಬಲ್ ಹೊಡೆತ ಬರುವುದು ಅಲ್ಲಿಂದ.

ಸೆನ್ಸರ್ ಬದುಕಿದೆಯೋ ಇಲ್ಲವೋ ನೋಡಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ತಟ್ಟೆಯನ್ನು ಮೆಲ್ಲಗೆ ತಟ್ಟಿ. ಅಂಕೆ ಕುಣಿದರೆ ಜೀವ ಇದೆ. ಕುಣಿಯದಿದ್ದರೆ ಬಿಳಿ ಭಾಗಕ್ಕೆ ಬೆಸೆದ ವೈರ್ ಕಿತ್ತಿದೆಯಾ ನೋಡಿ, ಅಲ್ಲೇ ಬಿಡುವುದು ಜಾಸ್ತಿ. ಸೆರಾಮಿಕ್ ಮೇಲೆ ಕೂದಲೆಳೆಯಷ್ಟು ಗೆರೆ ಕಂಡರೆ ತಟ್ಟೆ ಒಡೆದಿದೆ, ಅದನ್ನು ಬದಲಿಸಲೇಬೇಕು.

ಬದಲಿಸುವುದಾದರೆ ಕಂಪನಿಯ ಸೆನ್ಸರೋ ಬಿಡಿ ತಟ್ಟೆಯೋ? ಕಂಪನಿಯದ್ದು ವೈರು, ಟೇಪು, ಪ್ಲಗ್ಗು ಸಮೇತ ಬರುತ್ತದೆ. ಬೆಸುಗೆ ಬೇಡ, ಅಂಟಿಸಿ ಮುಚ್ಚಿದರಾಯಿತು. ಆದರೆ ತರಿಸಿಕೊಳ್ಳಲು ಕಾಯಬೇಕು, ಬೆಲೆಯೂ ಬಿಡಿ ತಟ್ಟೆಯ ಎಷ್ಟೋ ಪಟ್ಟು. ಬಿಡಿ ತಟ್ಟೆ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. "ಬಜರ್ ಒಳಗಿನ ಪೀಜೋ ತಟ್ಟೆ" ಅಂತ ಕೇಳಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ.

ಇವೆರಡನ್ನೂ ಒಂದೇ ಥರದ ಎರಡು ಟಾಮ್ ಪ್ಯಾಡ್‌ಗಳಿಗೆ ಹಾಕಿ, ಒಂದೇ ಸೆಟ್ಟಿಂಗ್‌ನಲ್ಲಿ ಬಾರಿಸಿ ನೋಡಿದೆ. ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದು ಅಂತ ಹೇಳಲು ಬರಲಿಲ್ಲ. ಒಂದೇ ಷರತ್ತು, ಅಳತೆ ಹೊಂದಬೇಕು. ಮೊದಲಿದ್ದದ್ದು 27 ಮಿಲಿಮೀಟರ್ ಆದರೆ 27ರದ್ದನ್ನೇ ಹಾಕಿ. 35ರದ್ದು ಹಾಕಿದಾಗ ಸಿಗ್ನಲ್ ಜೋರಾಗಿ, ಪಕ್ಕದ ಪ್ಯಾಡಿನ ಪೆಟ್ಟಿಗೂ ಇದು ಮಾತಾಡಲು ಶುರುಮಾಡಿತು. ಕಡೆಗೆ ಸೆನ್ಸಿಟಿವಿಟಿ ಇಳಿಸಬೇಕಾಯಿತು.

ಬಿಡಿ ತಟ್ಟೆಯ ನಿಜವಾದ ಕಷ್ಟ ಬೆಸುಗೆ. ಬಿಳಿ ಭಾಗದ ಮೇಲೆ ತೆಳ್ಳಗೆ ಬೆಳ್ಳಿಯ ಲೇಪ ಇರುತ್ತದೆ. ಕಾದ ಐರನ್ನನ್ನು ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೂ ಲೇಪ ಎದ್ದುಬಿಡುತ್ತದೆ. ಕಾವು ಹೆಚ್ಚಾದರೆ ಸೆರಾಮಿಕ್ಕಿನ ಗುಣವೇ ಕುಂದುತ್ತದೆ. ವೈರಿಗೆ ಮೊದಲೇ ಸೀಸ ಹಚ್ಚಿಟ್ಟುಕೊಂಡು, ಮುಟ್ಟಿಸಿ ತಕ್ಷಣ ತೆಗೆಯಬೇಕು. ಬಿಳಿ ಭಾಗಕ್ಕೆ ಕೆಂಪು ವೈರು, ಹಿತ್ತಾಳೆಗೆ ಕಪ್ಪು. ಉಲ್ಟಾ ಆದರೆ ಕೆಲವು ಮಾಡ್ಯೂಲ್‌ಗಳು ಪೆಟ್ಟನ್ನು ಸರಿಯಾಗಿ ಹಿಡಿಯುವುದಿಲ್ಲ. ಕೈ ನಡುಗುವವರು ವೈರ್ ಬೆಸೆದೇ ಬರುವ ತಟ್ಟೆ ಕೊಳ್ಳಲಿ. ನನ್ನ ಓಟು ಬಿಡಿ ತಟ್ಟೆಗೇ.

ಉಳಿಸಿದ ದುಡ್ಡನ್ನು ಅಂಟಿಗೆ ಹಾಕಿ. ಅಲ್ಲಿ ಅಗ್ಗದ ಮಾಲು ನಡೆಯುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಗಟ್ಟಿ ಗಮ್ ಹಾಕಿದ ಪ್ಯಾಡು ಮೊದಲು ಬಲು ಚುರುಕಾಗಿ ಕೇಳಿಸಿತು. ಆದರೆ ಪೆಟ್ಟೆಲ್ಲ ನೇರವಾಗಿ ತಟ್ಟೆಗೇ ಬಿದ್ದು ಸೆರಾಮಿಕ್ ಒಡೆಯಿತು. ಕೀಳಲೂ ಆಗಲಿಲ್ಲ. ಗ್ಲೂ ಗನ್ನಿನ ಅಂಟು ಮನೆಯಲ್ಲಿ ಚೆನ್ನಾಗಿತ್ತು, ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿದ್ದ ಮೇಲೆ ಸಡಿಲವಾಯಿತು. ಈಗ ಅದನ್ನು ವೈರಿನ ಬೆಸುಗೆ ಅಲ್ಲಾಡದಿರಲಿ ಅಂತ ಒಂದು ಹನಿ ಹಾಕುತ್ತೇನೆ, ಅಷ್ಟೇ. ಒಳ್ಳೇ ಸ್ಪಂಜಿನ ಡಬಲ್ ಟೇಪೇ ಗೆದ್ದದ್ದು. ಹಳೇ ಅಂಟನ್ನು ಸ್ಪಿರಿಟ್‌ನಿಂದ ಪೂರ್ತಿ ಒರೆಸಿ, ತಟ್ಟೆಯ ಅಗಲಕ್ಕೆ ದುಂಡಗೆ ಕತ್ತರಿಸಿ, ಅಂಚು ಒತ್ತಿ ಕೂರಿಸಿ. ಗಾಳಿ ಗುಳ್ಳೆ ಉಳಿಯಬಾರದು.

ಇನ್ನು ಮೇಲ್ಮೈ. ಸ್ಟಿಕ್ ಬಿದ್ದು ನುಣುಪಾದ ರಬ್ಬರನ್ನು ಹಾಗೇ ಬಿಡಿ, ಅದರಿಂದ ತೊಂದರೆಯಿಲ್ಲ. ಹರಿದಿದ್ದರೆ ಸೈಕಲ್ ಟ್ಯೂಬ್ ತುಂಡು ಅಂಟಿಸುವವರಿದ್ದಾರೆ. ಸ್ಟಿಕ್ ಪುಟಿಯುವ ರೀತಿ ಅಲ್ಲಿ ಬೇರೆಯಾಗಿ ಕೈ ತಪ್ಪುತ್ತದೆ, ನನಗೆ ಒಗ್ಗಲಿಲ್ಲ. ರಬ್ಬರ್ ವಿಷಯದಲ್ಲಿ ಮಾತ್ರ ಕಂಪನಿಯದ್ದನ್ನೇ ತರಿಸಿ.

ಮೆಶ್ ಇನ್ನೊಂದು ದಾರಿ. ರೋಲ್ಯಾಂಡ್‌ನವರು 1997ರಲ್ಲಿ ಟಿಡಿ-10 ಮಾಡ್ಯೂಲ್ ಜೊತೆ ತಂದ ಬಲೆ ಮುಖದ ಪ್ಯಾಡ್ ಈಗ ಎಲ್ಲೆಡೆ ಬಂದಿದೆ. ನಾನು ಹಳೇ ಮರದ ಟಾಮ್‌ಗೆ ಮೆಶ್ ಕಟ್ಟಿ, ಒಳಗೆ ಅಡ್ಡಪಟ್ಟಿ ಹಾಕಿ, ಸ್ಪಂಜಿನ ಕೋನ್ ಕೆಳಗೆ ಪೀಜೋ ಇಟ್ಟೆ. ಸ್ಟಿಕ್ ಪುಟಿಯುವುದು ನಿಜವಾದ ಡ್ರಮ್ಮಿಗೆ ಹತ್ತಿರ, ಸದ್ದೂ ಕಡಿಮೆ. ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆಯಲ್ಲಿ ರಾತ್ರಿ ಅಭ್ಯಾಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೊರತೆ ಒಂದಿದೆ. ಕೋನ್ ಇರುವ ನಡುಭಾಗದಲ್ಲಿ ಪೆಟ್ಟು ಬೇಕಾದ್ದಕ್ಕಿಂತ ಜೋರು ಬರುತ್ತದೆ. ಸ್ಪಂಜು ಕುಗ್ಗಿದ ಮೇಲೆ ಸೌಂಡೇ ಬೀಳುವುದಿಲ್ಲ. ಕೋನ್ ತುದಿ ಅಂಚಿಗಿಂತ ಕೆಲವು ಮಿಲಿಮೀಟರ್ ಮೇಲೆ ಇದ್ದು ಮೆಶ್ಶನ್ನು ಒತ್ತುತ್ತಿರಬೇಕು. ಹಾಸಿಗೆಯ ಸ್ಪಂಜು ಇದಕ್ಕೆ ತೀರಾ ಮೆದು, ಗಟ್ಟಿ ಸ್ಪಂಜೇ ಆಗಬೇಕು.

ಸ್ಟೇಜಿಗೆ ಮಾತ್ರ ನಾನು ಮೆಶ್ ಒಯ್ಯುವುದಿಲ್ಲ. ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಗಳ ನಡುವೆ ಅದುರಿಕೊಂಡು ಬಂದ ಮೇಲೆ ಬಿಗಿತ ಬದಲಾಗಿರುತ್ತದೆ. ಊರಹಬ್ಬದಲ್ಲಿ ಸೌಂಡ್ ಚೆಕ್‌ಗೆ ಸಿಗುವ ಸಮಯದಲ್ಲಿ ಸುತ್ತಲಿನ ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳುವುದು ಆಗದ ಮಾತು. ಅಲ್ಲಿಗೆ ರಬ್ಬರ್ ಪ್ಯಾಡೇ ಸರಿ, ಒಳಗೆ ಬಿಡಿ ತಟ್ಟೆ, ಹೊಸ ಟೇಪು.