ಕಸ ಹೆಕ್ಕುವ ಮರಿದೋಟಿ: ಏಳು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಆದರೆ ಎಲ್ಲಕ್ಕಿಂತ ಅಗ್ಗದ್ದು ಬೇಡ. ಮಡಚುವಂಥದ್ದಂತೂ ಬೇಡವೇ ಬೇಡ.

ಇದು ಬಗ್ಗದೆ ಕಸ ಎತ್ತುವ ಕೋಲು. ಒಂದು ಅಲ್ಯೂಮಿನಿಯಂ ಪೈಪು, ಮೇಲೆ ಒತ್ತುವ ಹಿಡಿ, ಕೆಳಗೆ ಏಡಿಯ ಕೊಂಡಿಯಂಥ ಎರಡು ದವಡೆ. ಹಿಡಿ ಒತ್ತಿದರೆ ಪೈಪಿನೊಳಗಿನ ದಾರ ಎಳೆದು ದವಡೆ ಮುಚ್ಚುತ್ತದೆ, ಬಿಟ್ಟರೆ ಸ್ಪ್ರಿಂಗ್ ತೆರೆಯುತ್ತದೆ. ಅಷ್ಟೇ. ಡಬ್ಬದ ಮೇಲೆ ಏನೋ ಇಂಗ್ಲಿಷ್ ಹೆಸರಿತ್ತು, ನಮ್ಮ ಬೀದಿಯಲ್ಲಿ ಮೊದಲ ದಿನವೇ ಅದು ಮರಿದೋಟಿ ಆಯಿತು. ಅಡಿಕೆ ಕೊಯ್ಯುವ ದೋಟಿ ಮೇಲಕ್ಕೆ ಹೋಗುತ್ತದೆ, ಇದು ಕೆಳಕ್ಕೆ ಬರುತ್ತದೆ, ಮಿಕ್ಕಿದ್ದೆಲ್ಲ ಒಂದೇ ಅಂತ ತೀರ್ಥಹಳ್ಳಿ ಕಡೆಯಿಂದ ಬಂದು ನೆಲೆಸಿದ ಪಕ್ಕದ ಮನೆಯವರು ಇಟ್ಟ ಹೆಸರು.

ಶಿವಮೊಗ್ಗದ ನಮ್ಮ ಬೀದಿಯ ತುದಿಯಲ್ಲಿ ಒಂದು ಖಾಲಿ ಸೈಟಿದೆ. ಖಾಲಿ ಸೈಟು ಅಂದಮೇಲೆ ಅಲ್ಲಿ ಏನಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಸೇರಿ ಅದನ್ನು ಮತ್ತು ಎರಡು ಅಡ್ಡರಸ್ತೆಗಳನ್ನು ಸ್ವಚ್ಛ ಮಾಡೋಣ ಅಂತ ಶುರು ಮಾಡಿದಾಗ ನಾವಿದ್ದದ್ದು ನಾಲ್ಕೇ ಜನ. ಕೈಗೆ ಪ್ಲಾಸ್ಟಿಕ್ ಗ್ಲೌಸು, ಜೊತೆಗೆ ಒಂದೆರಡು ಹಳೇ ಅಕ್ಕಿಚೀಲ. ಒಂದು ಗಂಟೆ ಬಗ್ಗಿ ಎದ್ದರೆ, ಚಿಕ್ಕವನಿದ್ದಾಗ ಅಜ್ಜನ ಮನೆ ತೋಟದಲ್ಲಿ ಉದುರಡಿಕೆ ಹೆಕ್ಕಿದ ದಿನದ ಬೆನ್ನು ನೆನಪಾಗುತ್ತಿತ್ತು. ಆಗ ಹತ್ತು ವರ್ಷ, ಈಗ ಐವತ್ತೆರಡು. ಬೆನ್ನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಜನ ಬರದೇ ಇರುವುದಕ್ಕೆ ಸೋಮಾರಿತನ ಕಾರಣ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅಸಹ್ಯ ಕಾರಣ. ಮುಟ್ಟುವುದಕ್ಕೆ ಹೇಸಿಗೆ, ಮುಟ್ಟುತ್ತಿರುವುದನ್ನು ಬೇರೆಯವರು ನೋಡಿದರೆ ನಾಚಿಕೆ. ಕೋಲು ಬಂದ ಮೇಲೆ ಗೇಟಿನ ಒಳಗೆ ನಿಂತು ಕಾಫಿ ಕುಡಿಯುತ್ತಾ ನಮ್ಮನ್ನು ನೋಡುತ್ತಿದ್ದ ನಿವೃತ್ತ ಮೇಷ್ಟ್ರು ಒಂದು ಭಾನುವಾರ "ಎಲ್ಲಿ, ಒಂದು ಸಲ ಕೊಡ್ರಿ ನೋಡೋಣ" ಅಂತ ಇಸಿದುಕೊಂಡರು, ಎಂಟು ಗಂಟೆಯವರೆಗೆ ವಾಪಸು ಕೊಡಲಿಲ್ಲ. ಮಕ್ಕಳಿಗಂತೂ ಅದು ಆಟದ ಸಾಮಾನು. ಈಗ ಹದಿನೈದು ಜನ ಬರುತ್ತಾರೆ, ಮಳೆ ಜೋರಿದ್ದರೆ ಆರು.

ಇನ್ನು ಸಾಮಾನಿನ ವಿಷಯ. ಮೊದಲನೆಯದನ್ನು ಆನ್‌ಲೈನ್‌ನಲ್ಲಿ 349 ರೂಪಾಯಿಗೆ ತರಿಸಿದೆ. ಮೂವತ್ತೆರಡು ಇಂಚು, ನಡುವೆ ಮಡಚುತ್ತದೆ. ಮಡಚುವುದು ಕೇಳುವುದಕ್ಕೆ ಚಂದ. ಮೂರನೇ ವಾರ ಆ ಕೀಲಿನಲ್ಲೇ ಅಲುಗಾಟ ಶುರು, ನಾಲ್ಕನೇ ವಾರ ದವಡೆಯ ರಬ್ಬರ್ ಉದುರಿತು. ಮಾರಿದವರಿಗೆ ಫೋಟೋ ಕಳಿಸಿದರೆ, ವಾಪಸು ಮಾಡುವ ದಿನ ದಾಟಿದೆ ಅಂತ ಉತ್ತರ. ಎರಡನೆಯದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ನೆಲದ ಮೇಲಿನ ನಾಣ್ಯ ಎತ್ತಿ ನೋಡಿ ತಂದೆ. 480 ರೂಪಾಯಿ, ಮಡಚುವುದಿಲ್ಲ, ಸ್ವಲ್ಪ ಜಾಸ್ತಿ ತೂಗುವ ಹಾಗೆ ಅನಿಸುತ್ತದೆ ಆದರೆ ಗಟ್ಟಿ. ಜೂನ್ ಮಳೆಯಲ್ಲಿ ಅದರ ನೈಲಾನ್ ದಾರ ಕಿತ್ತುಹೋಯಿತು. ಸೈಕಲ್ ಅಂಗಡಿಯವನು ಹಳೇ ಬ್ರೇಕ್ ವೈರ್ ಹಾಕಿಕೊಟ್ಟ, ನಲವತ್ತು ರೂಪಾಯಿ, ಅಂದಿನಿಂದ ಇವತ್ತಿನವರೆಗೆ ತಂಟೆ ಇಲ್ಲ. ನನ್ನ ಕೇಳಿದರೆ ಅವನು ಕಾರ್ಖಾನೆಯವರಿಗಿಂತ ಚೆನ್ನಾಗಿ ಮಾಡಿದ್ದಾನೆ. ತಗೊಳ್ಳುವಾಗ ಹಿಡಿಯ ಸ್ಕ್ರೂ ಬಿಚ್ಚುತ್ತದಾ ನೋಡಿ. ಬಿಚ್ಚದಿದ್ದರೆ ರಿಪೇರಿ ಮಾಡಲು ಆಗುವುದಿಲ್ಲ, ಕೊನೆಗೆ ಕಸ ಎತ್ತುವ ಕೋಲೂ ಕಸವೇ.

ಏನನ್ನು ಎತ್ತುತ್ತದೆ? ಕುರುಕಲು ತಿಂಡಿಯ ಕವರ್, ನೀರಿನ ಬಾಟಲಿ, ಚಹಾದ ಲೋಟ, 90 ಎಂಎಲ್ ಮದ್ಯದ ಟೆಟ್ರಾ ಪ್ಯಾಕ್, ಇವೆಲ್ಲ ಬೆಣ್ಣೆಯ ಹಾಗೆ. ಒಡೆದ ಗಾಜಿನ ದೊಡ್ಡ ಚೂರು ಕೂಡ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅನ್ನಬಹುದು, ಮುಂಚೆ ನಮ್ಮಲ್ಲಿ ಇಬ್ಬರ ಕೈ ಕುಯ್ದಿತ್ತು. ಒದ್ದೆಯಾದ ಬಿಯರ್ ಬಾಟಲಿ ಜಾರುತ್ತದೆ, ಕುತ್ತಿಗೆಯಲ್ಲಿ ಹಿಡಿಯಬೇಕು. ಡೈಪರ್ ಎತ್ತಲು ಹೋಗಬೇಡಿ. ಮಳೆನೀರು ಕುಡಿದ ಡೈಪರ್ ಎಷ್ಟು ತೂಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ, ದವಡೆ ಸೊಟ್ಟ ಆಯಿತು. ಅದಕ್ಕೆ ಸಲಿಕೆಯೇ ಸರಿ.

ಗುಟ್ಕಾ ಚೀಟಿಯದ್ದು ಬೇರೆಯೇ ಕಥೆ. ಒಣನೆಲದಲ್ಲಿದ್ದರೆ ಸಿಗುತ್ತದೆ. ಮಲೆನಾಡಿನ ಮಳೆಗೆ ಮಣ್ಣಿಗೆ ಅಂಟಿಕೊಂಡಿದ್ದರೆ ಹತ್ತು ಸಲ ಕುಕ್ಕಬೇಕು, ದವಡೆಗೆ ಮೆತ್ತುವುದು ಬರೀ ಕೆಸರು. ಹಾಲಿನ ಪ್ಯಾಕೆಟ್ ಕತ್ತರಿಸಿ ಎಸೆದ ಮೂಲೆಯೂ ಹೀಗೆಯೇ. (ಅದನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್‌ಗೇ ಅಂಟಿರುವಂತೆ ಬಿಟ್ಟರೆ ಬೀದಿಗೆ ಬರುವುದೇ ಇಲ್ಲ, ಮನೆಯಲ್ಲಿ ಹೇಳಿ ನೋಡಿ.) ಅಂದಹಾಗೆ ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ತುಂಬಿ ಮಾರುವ ಹಾಗಿಲ್ಲ ಅಂತ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮವೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದೂ ಅದೇ ವರ್ಷ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲಿ ಬಂದ್ ಆದದ್ದು 2022ರ ಜುಲೈ 1ಕ್ಕೆ. ಕಾಗದದ ಮೇಲೆ ಇಲ್ಲವೇ ಇಲ್ಲದ ಸಾಮಾನು ನನ್ನ ಚೀಲದಲ್ಲಿ ಅರ್ಧ ತುಂಬುತ್ತದೆ.

ತಿಂಗಳಿಗೊಮ್ಮೆ ತುಂಗೆಯ ದಂಡೆಗೆ, ಕೋರ್ಪಲಯ್ಯನ ಛತ್ರದ ಕಡೆ ಹೋಗುತ್ತೇವೆ. ಅಲ್ಲಿ ಈ ಕೋಲಿನ ನಿಜವಾದ ಪರೀಕ್ಷೆ. ಮೆಟ್ಟಿಲ ಸಂದಿಯಲ್ಲಿ ಸಿಕ್ಕಿಕೊಂಡ ಶಾಂಪೂ ಸ್ಯಾಶೆಗಳನ್ನು ಬೆರಳಲ್ಲಿ ತೆಗೆಯುವುದು ಕಷ್ಟ, ಇದರ ತುದಿ ಸಲೀಸಾಗಿ ಒಳಗೆ ಹೋಗುತ್ತದೆ. ನೀರಿನ ಅಂಚಿನ ಕಸಕ್ಕೂ ಕಾಲು ಜಾರುವ ಭಯವಿಲ್ಲದೆ ಮೇಲಿನ ಮೆಟ್ಟಿಲಲ್ಲೇ ನಿಂತು ಕೈ ಚಾಚಬಹುದು. ಆದರೆ ಹೊಳೆಗೆ ಬಿಟ್ಟ ಬಟ್ಟೆ ಮಾತ್ರ ಇದರಿಂದ ಬರುವುದಿಲ್ಲ, ಮರಳು ತುಂಬಿ ಭಾರವಾಗಿರುತ್ತದೆ, ಕೊಕ್ಕೆ ಬೇಕು. ಗಂಗಾ ಸ್ನಾನ ತುಂಗಾ ಪಾನ ಅಂತೀವಿ, ಕುಡಿಯುವ ಹೊಳೆಯಲ್ಲೇ ಸ್ನಾನ ಮುಗಿಸಿ ಉಟ್ಟದ್ದನ್ನೂ ಬಿಟ್ಟು ಬರ್ತೀವಿ. ಹೋಗಲಿ ಬಿಡಿ.

ಜೊತೆಗೆ ಒಂದು ಉಪಾಯ. ಒಂದು ಕೈಯಲ್ಲಿ ಕೋಲು ಹಿಡಿದರೆ ಚೀಲದ ಬಾಯಿ ತೆರೆದು ಹಿಡಿಯುವವರು ಯಾರು? ಬಿರುಕು ಬಿಟ್ಟ ಬಕೆಟ್‌ನ ತಳ ಕೊಯ್ದು ಅದನ್ನು ಚೀಲದ ಬಾಯಿಗೆ ಸಿಕ್ಕಿಸಿ, ಹಿಡಿಕೆ ಮೇಲೆ ಬರಲಿ. ಒಬ್ಬರೇ ಆರಾಮಾಗಿ ಕೆಲಸ ಮಾಡಬಹುದು. ಹಾಗೇ ಎರಡು ಚೀಲ ಇಟ್ಟುಕೊಳ್ಳಿ. ಬಾಟಲಿ, ರಟ್ಟು, ತಗಡು ಒಂದಕ್ಕೆ ಹಾಕಿದರೆ ಗುಜರಿಯವರು ತಗೊಳ್ಳುತ್ತಾರೆ. ಹೊಳೆಯುವ ತಿಂಡಿ ಕವರ್ ಅವರಿಗೂ ಬೇಡ. ಅದರಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿರುತ್ತವೆ, ಬೇರೆ ಮಾಡುವ ಖರ್ಚಿಗೆ ಬೆಲೆ ಹುಟ್ಟುವುದಿಲ್ಲ. ಅದು ಕಸದ ಗಾಡಿಗೇ.

ಒಂದು ವಿಷಯದಲ್ಲಿ ನಾನು ಬೆಪ್ಪಾದೆ, ಅದನ್ನೂ ಹೇಳಬೇಕು. ನಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ಅಕ್ಕ ಬರಿಗೈಯಲ್ಲಿ ಕಸ ಬಾಚುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ವಾರಕ್ಕೊಂದು ಗಂಟೆ ಕೆಲಸ ಮಾಡುವ ನಮಗೆ ಕೋಲು, ದಿನಾ ಮಾಡುವ ಅವರಿಗೆ ಏನೂ ಇಲ್ಲವಲ್ಲ ಅಂತ ಹೊಸದೊಂದು ತಂದುಕೊಟ್ಟೆ, ಸ್ವಲ್ಪ ಗತ್ತಿನಲ್ಲೇ. ಅವರು ನಾಲ್ಕು ಕವರ್ ಎತ್ತಿ ನೋಡಿ ನಕ್ಕರು. "ಒಂದೊಂದೇ ಎತ್ಕಂಡು ಕೂತ್ರೆ ಈ ರಸ್ತೆ ಮುಗಿಸೋದ್ರಲ್ಲಿ ಮಧ್ಯಾಹ್ನ ಆಗ್ತದೆ ಸಾರ್. ನಂಗೆ ಒಳ್ಳೆ ಗ್ಲೌಸ್ ಕೊಡ್ಸಿ, ಕೈ ಒಳಗೆ ಬೇಯಬಾರ್ದು, ಅಂಥದ್ದು." ಉದ್ದ ಹಿಡಿಯ ಪೊರಕೆ, ಎರಡು ತಗಡಿನ ತುಂಡು, ಅವರು ಐದು ನಿಮಿಷದಲ್ಲಿ ಬಾಚಿದ್ದನ್ನು ನಾವು ಅರ್ಧ ಗಂಟೆ ಹೆಕ್ಕುತ್ತೇವೆ. ನಿಜ. ಈ ಕೋಲು ಚದುರಿದ ಕಸಕ್ಕೆ, ಹುಲ್ಲಿನೊಳಗಿನ ಕಸಕ್ಕೆ, ಹವ್ಯಾಸಕ್ಕೆ ಬಂದ ನಮ್ಮಂಥವರಿಗೆ. ರಾಶಿಗೆ ಅಲ್ಲ, ದುಡಿಮೆಗೂ ಅಲ್ಲ. ಬಟ್ಟೆಯ ಒಳಪದರ ಇರುವ ರಬ್ಬರ್ ಗ್ಲೌಸ್ ಎರಡು ಜೊತೆ ಕೊಡಿಸಿದ್ದೇವೆ, ಒಂದನ್ನು ತೊಳೆದು ಒಣಗಿಸುವಾಗ ಇನ್ನೊಂದು ಇರಲಿ ಅಂತ.

ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ. ಪ್ರತಿ ಸಲ ದವಡೆ ತೊಳೆದು, ಸ್ಪ್ರಿಂಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಬಿಸಿಲಿಲ್ಲದ ಕಡೆ ನೇತುಹಾಕಿ. ನಮ್ಮ ಬೀದಿಯಲ್ಲಿ ಒಟ್ಟು ಆರು ಇದ್ದವು, ಈಗ ಐದು. ಆರನೆಯದು ಎಲ್ಲಿ ಹೋಯಿತು ಅಂತ ಎರಡು ವಾರ ಹುಡುಕಿದೆವು. ಮೊನ್ನೆ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಟಾಗ ಸಿಕ್ಕಿತು. ಹಿಂದಿನ ಬೀದಿಯ ಒಬ್ಬ ಹಿರಿಯರು ಪೂಜೆಗೆ ಅಂತ ಪಕ್ಕದವರ ಕಾಂಪೌಂಡಿನ ಮೇಲಿಂದ ಅದರಲ್ಲಿ ದಾಸವಾಳ ಕೀಳುತ್ತಿದ್ದರು. ಆ ಕೆಲಸಕ್ಕಾದರೆ ಐದಕ್ಕೆ ಐದು, ಒಂದು ಎಸಳೂ ಉದುರಲಿಲ್ಲ.