ಮಾರ್ಗೋಸಾ ರಸ್ತೆಯ ಪೇಪರ್ ಅಂಗಡಿ: ಪಿಆರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ

ಈ ಅಂಗಡಿಗೆ ಬೋರ್ಡ್ ಇಲ್ಲ. ಮಲ್ಲೇಶ್ವರಂ ಮಾರ್ಗೋಸಾ ರಸ್ತೆಯಲ್ಲಿ, 8ನೇ ಕ್ರಾಸಿಗೆ ಸ್ವಲ್ಪ ಮುಂಚೆ, ಮುಚ್ಚಿದ ಶೆಟರ್ ಒಂದರ ಮೆಟ್ಟಿಲ ಮೇಲೆ ಎರಡು ಹಲಗೆ. ಪೇಪರ್ ಹಾರದ ಹಾಗೆ ಮೇಲೆ ಇಟ್ಟಿಗೆ ಚೂರು. ಮಳೆಗೆ ಒಂದು ನೀಲಿ ಟಾರ್ಪಾಲು. ಬೆಳಿಗ್ಗೆ 5.30ಕ್ಕೆ ಶುರು. 10 ಗಂಟೆಗೆ ಆ ಶೆಟರಿನವರು ಬಂದು ಬಾಗಿಲು ಎತ್ತುವಷ್ಟರಲ್ಲಿ ಎಲ್ಲ ಖಾಲಿ. ನಾನು ಹನ್ನೊಂದು ತಿಂಗಳಿಂದ, ಭಾನುವಾರ ಬಿಟ್ಟು, ದಿನಾ ಇಲ್ಲೇ ಪೇಪರ್ ತಗೊಳ್ಳುತ್ತಿದ್ದೇನೆ. ಪಿಆರ್ (ಸಾರ್ವಜನಿಕ ಸಂಪರ್ಕ) ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಬೆಂಗಳೂರಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಸಿಕ್ಕಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನನ್ನ ಊರು ಅರಸೀಕೆರೆ. ಮೈಸೂರಲ್ಲಿ ಪತ್ರಿಕೋದ್ಯಮ ಓದಿ, ಹೋದ ವರ್ಷ ಜುಲೈ 1ಕ್ಕೆ ಎಂ.ಜಿ. ರಸ್ತೆ ಕಡೆಯ ಒಂದು ಪಿಆರ್ ಏಜೆನ್ಸಿಗೆ ಟ್ರೇನಿಯಾಗಿ ಸೇರಿದೆ. ಜುಲೈ 1 ಕನ್ನಡ ಪತ್ರಿಕಾ ದಿನ. 1843ರಲ್ಲಿ ಅವತ್ತೇ 'ಮಂಗಳೂರು ಸಮಾಚಾರ' ಶುರುವಾಗಿದ್ದು. ಒಳ್ಳೆಯ ದಿನವೇ ಸಿಕ್ಕಿತು ಅಂದುಕೊಂಡು ಹೋದೆ. ಕಾಲೇಜಿನಲ್ಲಿ ಪಿಆರ್ ಅಂದರೆ ಐವಿ ಲೀ. 1906ರಲ್ಲಿ ಅಮೆರಿಕದಲ್ಲಿ ರೈಲು ಅಪಘಾತ ಆದಾಗ, ಮುಚ್ಚಿಡುವ ಬದಲು ಪತ್ರಕರ್ತರಿಗೆ ತಾವೇ ಬರೆದು ವಿಷಯ ತಿಳಿಸಿದವರು. ಅದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆದರೆ ನಮ್ಮೂರ ಪೇಪರಿನಲ್ಲಿ ವಾಣಿಜ್ಯ ಸುದ್ದಿ ಯಾವ ದಿನ ಎಷ್ಟು ಪುಟ ಬರುತ್ತದೆ, 'ನಗರದಲ್ಲಿ ಇಂದು' ಅನ್ನೋ ಪಟ್ಟಿಗೆ ವಿಷಯ ಎಷ್ಟು ಗಂಟೆಗೆ ಮುಂಚೆ ಕಳಿಸಬೇಕು, ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನವೇ ಸಿಕ್ಕ ಕೆಲಸ ಪೇಪರ್ ನೋಡುವುದು. ಬೆಳಿಗ್ಗೆ 8.30ರ ಒಳಗೆ ಎಲ್ಲ ಕನ್ನಡ ಪತ್ರಿಕೆ ತಿರುವಬೇಕು. ನಮ್ಮ ಕ್ಲೈಂಟ್‌ಗಳ ಬಗ್ಗೆ, ಅವರ ಎದುರಾಳಿಗಳ ಬಗ್ಗೆ ಬಂದದ್ದನ್ನು ಕತ್ತರಿಸಬೇಕು. ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಎರಡು ಸಾಲು ಇಂಗ್ಲಿಷಲ್ಲಿ ಬರೆದು ಮೇಲ್ ಹಾಕಬೇಕು. ನಮ್ಮ ತಂಡದಲ್ಲಿ ಎಂಟು ಜನ. ಕನ್ನಡ ಸರಾಗವಾಗಿ ಓದುವವಳು ನಾನೊಬ್ಬಳೇ.

ಇ-ಪೇಪರ್ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ನಾನೂ ನೋಡುತ್ತೇನೆ. ಆದರೆ ಫೋನಿನಲ್ಲಿ ನೋಡಿದರೆ ಎಲ್ಲ ಸುದ್ದಿಯೂ ಒಂದೇ ಸೈಜು. ಪುಟದ ಮೇಲಿತ್ತಾ, ಮಡಚುವ ಗೆರೆಯ ಕೆಳಗಿತ್ತಾ, ಪಕ್ಕದಲ್ಲಿ ಎಂಥ ಜಾಹೀರಾತು ಇತ್ತು, ಗೊತ್ತೇ ಆಗುವುದಿಲ್ಲ. ಕೆಲವು ಕ್ಲೈಂಟ್‌ಗಳಿಗೆ ಕಾಗದದ ಕ್ಲಿಪಿಂಗೇ ಬೇಕು. ಆಫೀಸಿಗೆ ಹಾಕುವ ಪೇಪರಿನವರು ಕನ್ನಡದ್ದು ಮೂರೇ ತರುತ್ತಿದ್ದರು, ಅದೂ ಎಂಟು ಗಂಟೆ ಹತ್ತಿರಕ್ಕೆ. ಹೀಗಾಗಿ ನನ್ನ ಪಿಜಿ ಹತ್ತಿರ ಅಂಗಡಿ ಹುಡುಕಿಕೊಂಡು ಹೊರಟೆ.

ಮೊದಲ ದಿನ ನಾನು ಕೇಳಿದ್ದು, "ಅಂಕಲ್, ಕನ್ನಡದ್ದು ಎಲ್ಲಾದ್ರಲ್ಲೂ ಒಂದೊಂದು ಕೊಡಿ."

"ಎಲ್ಲಾದ್ರಲ್ಲೂನಾ? ಏನಮ್ಮ, ಕೆಎಎಸ್ ಪರೀಕ್ಷೆಗಾ?"

ಅಲ್ಲ, ಕೆಲಸಕ್ಕೆ ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಪ್ರಜಾವಾಣಿ, ವಿಜಯ ಕರ್ನಾಟಕ, ಕನ್ನಡಪ್ರಭ, ವಿಜಯವಾಣಿ, ಉದಯವಾಣಿ, ಸಂಯುಕ್ತ ಕರ್ನಾಟಕ, ಆಮೇಲೆ ಸ್ವಲ್ಪ ಯೋಚನೆ ಮಾಡಿ ವಿಶ್ವವಾಣಿ, ಹೊಸ ದಿಗಂತ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ, ಅಂಚು ಕುಟ್ಟಿ, ನಡುವೆ ಮಡಚಿ ಕೊಟ್ಟರು. ಮಾರನೇ ದಿನ ಹೋದಾಗ ಕಟ್ಟು ರೆಡಿ ಇತ್ತು, ಸೆಣಬಿನ ದಾರ ಸುತ್ತಿ. ಅವತ್ತಿನಿಂದ ಇವತ್ತಿನವರೆಗೂ ಕಟ್ಟಿಗಾಗಿ ನಾನು ಅಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಕಾದಿಲ್ಲ. ನಿಲ್ಲುತ್ತೇನೆ, ಅದು ಬೇರೆ ಮಾತು.

ಬೆಲೆ ಪೇಪರ್ ಮೇಲೆ ಅಚ್ಚಾದಷ್ಟೇ. ಒಂದು ಪೈಸೆ ಜಾಸ್ತಿ ಇಲ್ಲ. ಒಂದು ವಾರದವರೆಗಿನ ಹಳೇ ಸಂಚಿಕೆ ಇಟ್ಟಿರುತ್ತಾರೆ, ಅದಕ್ಕೂ ಅದೇ ಬೆಲೆ. ವಾರ ದಾಟಿದ್ದು ರದ್ದಿಗೆ ಹೋಗುತ್ತದೆ. ಬೇಕಿದ್ದರೆ ಮೊದಲೇ ಹೇಳಿಟ್ಟರೆ ತೆಗೆದಿಡುತ್ತಾರೆ. ಆಫೀಸಿಗೆ ಬಿಲ್ ಬೇಕಲ್ಲ, ಅದೊಂದು ತಲೆನೋವಿತ್ತು. ಅವರು ನೋಟ್‌ಬುಕ್ ಹಾಳೆಯಲ್ಲಿ ಬರೆದು ಕೊಡುತ್ತಿದ್ದರು, ಅಕೌಂಟ್ಸ್‌ನವರು ಒಪ್ಪುತ್ತಿರಲಿಲ್ಲ. ನಾನು ಒಂದೆರಡು ಸಲ ಸುಮ್ನೆ ಹೇಳಿಕೊಂಡಿದ್ದೆ, ಅಷ್ಟೇ. ಮುಂದಿನ ತಿಂಗಳು ನೋಡಿದರೆ ರಬ್ಬರ್ ಸ್ಟ್ಯಾಂಪ್ ಮಾಡಿಸಿಕೊಂಡು ಬಂದಿದ್ದರು. ನೇರಳೆ ಬಣ್ಣದ ಇಂಕು, 'ದಿನಪತ್ರಿಕೆ ಮಾರಾಟಗಾರರು' ಅಂತ ಅಚ್ಚು. ಅದನ್ನು ಬಿಲ್ ಮೇಲೆ ಒತ್ತಿ, ಬಾಯಿಂದ ಗಾಳಿ ಊದಿ ಒಣಗಿಸಿ ಕೊಟ್ಟರು. ನನ್ನೊಬ್ಬಳ ಬಿಲ್ಲಿಗಾಗಿ ಮಾಡಿಸಿದ್ದು ಅದು.

ಇನ್ನೊಂದು ಘಟನೆ ನವೆಂಬರ್‌ನದು. ನಾನೇ ಮಾತಾಡಿ, ನಾನೇ ಹಿಂದೆ ಬಿದ್ದು ಒಪ್ಪಿಸಿದ ಮೊದಲ ಲೇಖನ ಒಂದು ಪತ್ರಿಕೆಯ ಪುರವಣಿಯಲ್ಲಿ ಬರುವುದಿತ್ತು. ಕ್ಲೈಂಟ್ ಒಂದು ಕಣ್ಣಿನ ಆಸ್ಪತ್ರೆ. ಕಟ್ಟು ಬಿಚ್ಚಿದೆ. ಪೇಪರ್ ಇದೆ, ಪುರವಣಿ ಇಲ್ಲ. ಪುರವಣಿ ಮೊದಲೇ ಅಚ್ಚಾಗಿ ಬೇರೆ ಬರುತ್ತದೆ. ಬೆಳಗಿನ ಜಾವ ಫುಟ್‌ಪಾತಿನಲ್ಲಿ ಕೂತು ಹುಡುಗರು ಒಂದೊಂದಕ್ಕೂ ಕೈಯಲ್ಲೇ ಸೇರಿಸುತ್ತಾರೆ. ಒಂದು ತಪ್ಪಿಹೋಗುವುದು ದೊಡ್ಡದಲ್ಲ, ಆದರೆ ಅವತ್ತು ಆ ಪತ್ರಿಕೆ ಅಂಗಡಿಯಲ್ಲಿ ಬೇರೆ ಉಳಿದಿರಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು. "ನಿಂತ್ಕೊಳಮ್ಮ" ಅಂದು ಅಂಗಡಿಯವರು ಲೈನ್ ಹುಡುಗನಿಗೆ ಫೋನ್ ಹಚ್ಚಿದರು. ಅವನು 17ನೇ ಕ್ರಾಸಿನಲ್ಲಿ ಪೇಪರ್ ಹಾಕುತ್ತಿದ್ದ. ಹತ್ತು ನಿಮಿಷದಲ್ಲಿ ಸೈಕಲ್ ತುಳಿದುಕೊಂಡು ಬಂದು ಒಂದು ಪ್ರತಿ ಕೊಟ್ಟು ಹೋದ. ಅದಕ್ಕೆ ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ. "ಕಡಿಮೆ ಕೊಟ್ಟಿದ್ದು ನಾನು, ನೀವ್ಯಾಕೆ ಕೊಡ್ತೀರಾ" ಅಂದರು.

ಸೇವೆಯ ಮಾತು ಇಷ್ಟು. ಈ ಅಂಗಡಿಗೆ ಹೋಗಿ ಅಂತ ನಾನು ಹೇಳುವುದು ಮುಖ್ಯವಾಗಿ ಬೇರೆ ಕಾರಣಕ್ಕೆ. ಇಲ್ಲಿ ಹತ್ತು ನಿಮಿಷ ನಿಂತರೆ ಓದುಗರು ಕಾಣುತ್ತಾರೆ.

ಆಫೀಸಿನಲ್ಲಿ ನಾವು ಓದುಗರು ಅನ್ನುವುದು ಒಂದು ಸಂಖ್ಯೆ. ಇಲ್ಲಿ ಅವರಿಗೆ ಕೈ, ಕನ್ನಡಕ, ಅವಸರ ಎಲ್ಲ ಇದೆ. ಒಬ್ಬರು ನಿವೃತ್ತ ಮೇಷ್ಟ್ರು ಪೇಪರ್ ಕೈಗೆ ಬಂದ ತಕ್ಷಣ ಶ್ರದ್ಧಾಂಜಲಿ ಪುಟಕ್ಕೆ ಹೋಗುತ್ತಾರೆ. ಆಟೋದವರು ನಿಂತಲ್ಲೇ ಮೊದಲ ಪುಟದ ತಲೆಬರಹ ಓದಿ, ಕೊನೆಯ ಪುಟದ ಕ್ರಿಕೆಟ್ ನೋಡಿ, ಮಡಚಿ ವಾಪಸ್ ಇಟ್ಟು ಹೋಗುತ್ತಾರೆ. ಅಂಗಡಿಯವರು ಏನೂ ಅನ್ನುವುದಿಲ್ಲ. ಹೂವು ಮಾರುವ ಒಬ್ಬ ಅಕ್ಕ ಮಗನಿಗಾಗಿ ಕೆಲಸದ ಜಾಹೀರಾತು ಇರುವ ದಿನ ಮಾತ್ರ ಬರುತ್ತಾರೆ. ನಾವು ಅಷ್ಟು ಕಷ್ಟಪಟ್ಟು ಹಾಕಿಸುವ 'ಒಪ್ಪಂದಕ್ಕೆ ಸಹಿ' ಸುದ್ದಿಯನ್ನು ನಿಂತು ಓದಿದವರನ್ನು ಹನ್ನೊಂದು ತಿಂಗಳಲ್ಲಿ ನಾನು ನೋಡಿಲ್ಲ.

ಒಂದು ದಿನದ ಕಥೆ ಹೇಳಲೇಬೇಕು. ಅದೇ ಕಣ್ಣಿನ ಆಸ್ಪತ್ರೆಯದು ಒಂದು ಉಚಿತ ತಪಾಸಣೆ ಶಿಬಿರ. ನಾನು ಬರೆದು ಕಳಿಸಿದ್ದು ಒಂದು ಪುಟ, ಬಂದದ್ದು ನಾಲ್ಕು ಸಾಲು. ಒಂದೇ ಕಾಲಂ. ಜಾಗ, ಹೊತ್ತು, ಫೋನ್ ನಂಬರ್, ಅಷ್ಟೇ. ನನಗೆ ಬೇಜಾರಾಗಿತ್ತು. ಆಗ ಅಲ್ಲಿ ಒಬ್ಬರು ಅಜ್ಜ ಪೇಪರನ್ನು ಮೂಗಿನ ಹತ್ತಿರ ಹಿಡಿದು ಅದೇ ಮೂಲೆ ಓದುತ್ತಿದ್ದರು. ಓದಿ, ಅಂಗಡಿಯವರ ಹತ್ತಿರ ಪೆನ್ ಇಸ್ಕೊಂಡರು. ಎಡಗೈ ಬಿಡಿಸಿ, ಹೆಬ್ಬೆರಳ ಬುಡದಿಂದ ಶುರು ಮಾಡಿ, ಒಂದೊಂದೇ ಅಂಕಿ ನೋಡಿಕೊಂಡು ನಂಬರ್ ಬರೆದುಕೊಂಡರು. ಕೊನೆಯ ಎರಡು ಅಂಕಿ ಮಣಿಕಟ್ಟಿನ ಮೇಲೆ ಹೋಯಿತು. ಪೆನ್ ವಾಪಸ್ ಕೊಟ್ಟು, ಇಂಕು ಅಳಿಸಬಾರದು ಅಂತ ಆ ಕೈಯನ್ನು ಹಾಗೇ ಬಿಡಿಸಿಕೊಂಡು ನಡೆದು ಹೋದರು.

ಅದೇ ಬೆಳಿಗ್ಗೆ ಆಫೀಸಿನಲ್ಲಿ ಸ್ಕೇಲ್ ಇಟ್ಟು ಅಳೆದೆ. ಸುದ್ದಿಯ ಉದ್ದವನ್ನು ಕಾಲಂ ಸಂಖ್ಯೆಯಿಂದ ಗುಣಿಸಿ, ಆ ಪತ್ರಿಕೆಯ ಜಾಹೀರಾತು ದರದಿಂದ ಇನ್ನೊಮ್ಮೆ ಗುಣಿಸಿ, ಇಷ್ಟು ರೂಪಾಯಿಯ ಕವರೇಜ್ ಅಂತ ತೋರಿಸುವ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಈ ಕ್ಷೇತ್ರದವರೇ ಸೇರಿ, ಜಾಹೀರಾತು ದರ ಇಟ್ಟುಕೊಂಡು ನಮ್ಮ ಕೆಲಸದ ಬೆಲೆ ಕಟ್ಟಬಾರದು ಅಂತ ಒಪ್ಪಿಕೊಂಡಿದ್ದರು. ಆದರೂ ಕ್ಲೈಂಟ್ ಕೇಳುತ್ತಾರೆ, ನಾವು ಕೊಡುತ್ತೇವೆ. ಆ ನಾಲ್ಕು ಸಾಲು ಅವತ್ತಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಬಂತು. ನಾನು ಷರಾ ಕಾಲಂನಲ್ಲಿ ಅಜ್ಜ ನಂಬರ್ ಬರೆದುಕೊಂಡಿದ್ದನ್ನು ಎರಡು ಸಾಲು ಹಾಕಿದೆ. ಆಸ್ಪತ್ರೆಯವರು ಅದನ್ನೇ ಹಿಡಿದು ಫೋನ್ ಮಾಡಿ, ಇನ್ನು ಮೇಲೆ ಪ್ರತಿ ಶಿಬಿರದ ಪ್ರೆಸ್ ನೋಟಿನಲ್ಲೂ ನಂಬರ್ ಮೊದಲ ಪ್ಯಾರಾದಲ್ಲೇ ಇರಲಿ ಅಂದರು. ಈಗ ಹಾಗೇ ಕಳಿಸುತ್ತೇವೆ.

ಪ್ರೆಸ್ ನೋಟ್ ಅಂದಾಗ ನೆನಪಾಯಿತು. ನಮ್ಮಲ್ಲಿ ನೋಟ್ ಮೊದಲು ಇಂಗ್ಲಿಷಿನಲ್ಲಿ ತಯಾರಾಗುತ್ತದೆ, ಕನ್ನಡ ಆಮೇಲೆ. ಒಮ್ಮೆ ಒಂದು ಕಾರ್ಖಾನೆಯವರ ನೋಟನ್ನು ಯಾರೋ ಕಂಪ್ಯೂಟರಿನಲ್ಲೇ ಅನುವಾದ ಮಾಡಿಸಿ, ರಾತ್ರಿ ಹನ್ನೊಂದಕ್ಕೆ ನನಗೆ ಕಳಿಸಿದರು. ಬೆಳಿಗ್ಗೆ ಅಂಗಡಿ ಮುಂದೆ ನಿಂತು ಫೋನಿನಲ್ಲಿ ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. 'ಕಂಪನಿಯು ನರಸಾಪುರದಲ್ಲಿ ತನ್ನ ಹೊಸ ಸಸ್ಯವನ್ನು ಉದ್ಘಾಟಿಸಲಿದೆ.' ನಿದ್ದೆಗಣ್ಣಿನಲ್ಲಿ ನನಗೆ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ಅಂಗಡಿಯವರು ತಲೆಯೆತ್ತಿ, "ಗಿಡ ನೆಡ್ತಾರಾ?" ಅಂತ ಕೇಳಿದರು. ಆಗ ಗೊತ್ತಾಯಿತು. ಇಂಗ್ಲಿಷಿನ 'ಪ್ಲಾಂಟ್' ಸಸ್ಯವಾಗಿ ಕೂತಿತ್ತು. ಅವರು ಆ ವಾರದ ಎರಡು ಪೇಪರ್ ತೆಗೆದು, ಬೇರೆ ಕಂಪನಿಗಳ ಸುದ್ದಿಯಲ್ಲಿ 'ತಯಾರಿಕಾ ಘಟಕ' ಅಂತ ಇರುವುದನ್ನು ಬೆರಳಿಟ್ಟು ತೋರಿಸಿದರು. ಆ ನೋಟ್ 9 ಗಂಟೆಗೆ ಹದಿನೈದು ಪತ್ರಿಕೆಗಳಿಗೆ ಹೋಗುವುದಿತ್ತು. ಅವತ್ತಿನಿಂದ ಕನ್ನಡ ನೋಟನ್ನು ನಾನೇ ಮೊದಲಿನಿಂದ ಬರೆಯುತ್ತೇನೆ. ಪೇಪರಿನವರು ಬಳಸುವ ಮಾತನ್ನು ಪೇಪರಿನಿಂದಲೇ ತಗೊಳ್ಳುತ್ತೇನೆ. ಒಂದು ನೋಟ್‌ಬುಕ್ ತುಂಬ ಅಂಥ ಮಾತುಗಳಿವೆ. (ಹೊಸಬರಿಗೆ ಒಂದು ಮಾತು: ಪತ್ರಿಕೆಗಳಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಕೆಲವು ಡೆಸ್ಕ್‌ಗಳಿಗೆ ಯೂನಿಕೋಡ್ ಸಾಕು, ಕೆಲವರು 'ನುಡಿ' ತಂತ್ರಾಂಶದ ಅಕ್ಷರದಲ್ಲೇ ಕೇಳುತ್ತಾರೆ. ಎರಡನ್ನೂ ಒಟ್ಟಿಗೆ ಕಳಿಸಿಬಿಡಿ, ಜೊತೆಗೊಂದು ಪಿಡಿಎಫ್. ಸಂಜೆ 4ರ ಮೇಲೆ ಡೆಸ್ಕಿಗೆ ಫೋನ್ ಮಾಡಿ "ನೋಟ್ ಬಂತಾ ಸರ್" ಅಂತ ಕೇಳಬೇಡಿ. ಪುಟ ಕಟ್ಟುವ ಹೊತ್ತು ಅದು.)

ಹೊರ ಊರಿನ ಆವೃತ್ತಿಗಳ ವಿಷಯ. ಒಂದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಇರುವುದು ಹುಬ್ಬಳ್ಳಿಯದರಲ್ಲಿ ಇರುವುದಿಲ್ಲ. ಧಾರವಾಡದಲ್ಲಿ ಕಾರ್ಯಕ್ರಮ ಮಾಡಿ ಬೆಂಗಳೂರಿನ ಪೇಪರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದು ನನಗೆ ಗೊತ್ತಾಗಿದ್ದೂ ಇಲ್ಲೇ. ಎರಡು ದಿನ ಮುಂಚೆ ಹೇಳಿದರೆ ಹುಬ್ಬಳ್ಳಿ, ಮಂಗಳೂರಿನ ಪ್ರತಿಯನ್ನು ರಾತ್ರಿ ಬಸ್ಸಿಗೆ ಹಾಕಿಸಿ ತರಿಸಿಕೊಡುತ್ತಾರೆ. ಬಸ್ಸಿನವರಿಗೆ ಕೊಡುವ ದುಡ್ಡು ನಮ್ಮದು. ಕಲಬುರಗಿಯದು ಎರಡು ಸಲ ಕೇಳಿದೆ, ಎರಡು ಸಲವೂ ಬರಲಿಲ್ಲ.

ಕೊರತೆಗಳೂ ಇವೆ. ಮಳೆ ಬಂದ ದಿನ ಕೆಳಗಿನ ಪ್ರತಿಗಳ ಅಂಚು ಒದ್ದೆ, ಸ್ಕ್ಯಾನ್ ಚೆನ್ನಾಗಿ ಬರುವುದಿಲ್ಲ. ಅಂಥ ದಿನ 6 ಗಂಟೆ ಒಳಗೆ ಹೋಗಿ. ಇಂಗ್ಲಿಷ್ ವಾಣಿಜ್ಯ ಪತ್ರಿಕೆಗಳು ಎರಡೋ ಮೂರೋ ಪ್ರತಿ ಮಾತ್ರ ಇರುತ್ತವೆ, ಬೇಗ ಮುಗಿಯುತ್ತವೆ. ಸಂಜೆ ಪತ್ರಿಕೆಗಳು ಇಲ್ಲಿ ಸಿಗುವುದಿಲ್ಲ, ಅದಕ್ಕೆ ಮೆಜೆಸ್ಟಿಕ್ಕಿಗೇ ಹೋಗಬೇಕು. ಫೋನಿನಲ್ಲಿ ದುಡ್ಡು ಹಾಕಬಹುದು, ಆದರೆ ಆ ಕೋಡ್ ಇರುವುದು ಅವರ ಹೆಂಡತಿಯ ಹೆಸರಿನಲ್ಲಿ. ಅಕ್ಕ ಬರುವುದು 8ರ ಮೇಲೆ. ಅಲ್ಲಿವರೆಗೆ ದುಡ್ಡು ಬಂದಿದೆಯಾ ಅಂತ ಅವರಿಗೆ ಗೊತ್ತಾಗುವುದಿಲ್ಲ, ನೀವು ತೋರಿಸಿದ್ದನ್ನೇ ನಂಬುತ್ತಾರೆ. ಚಿಲ್ಲರೆ ಇಟ್ಟುಕೊಂಡು ಹೋಗುವುದು ಒಳ್ಳೆಯದು, ಅಲ್ವಾ? ಯುಗಾದಿ, ಆಯುಧಪೂಜೆ ಥರದ ಹಬ್ಬಗಳ ಮಾರನೇ ದಿನ ಪೇಪರೇ ಇರುವುದಿಲ್ಲ. ಹೊಸದಾಗಿ ಸೇರಿದವರು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ಹಬ್ಬದ ದಿನ ಸುದ್ದಿಗೋಷ್ಠಿ ಇಟ್ಟುಕೊಳ್ಳೋಣ ಅಂತ ಕ್ಲೈಂಟ್ ಹೇಳಿದರೆ ಅಲ್ಲೇ ತಡೆಯುವುದು ನಿಮ್ಮ ಕೆಲಸ.

ಇಲ್ಲಿಂದ ಸಂಪಿಗೆ ರಸ್ತೆ ಮೆಟ್ರೋ ಸ್ಟೇಷನ್ನಿಗೆ ನಡೆದರೆ 20 ನಿಮಿಷ. ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಎಂ.ಜಿ. ರಸ್ತೆ. ಅಷ್ಟು ಬೆಳಿಗ್ಗೆ ಕೂರಲು ಜಾಗ ಸಿಗುತ್ತದೆ. ಎಂ.ಜಿ. ರಸ್ತೆ ತಲುಪುವಷ್ಟರಲ್ಲಿ ನನ್ನ ನಾಲ್ಕು ಪೇಪರ್ ಮುಗಿದಿರುತ್ತವೆ.

ಹೋದ ವಾರ ನನ್ನ ಟ್ರೇನಿ ಅವಧಿ ಮುಗಿದು ಕೆಲಸ ಕಾಯಂ ಆಯಿತು. ಇನ್ನು ಮೇಲೆ ಬೆಳಗಿನ ಪೇಪರ್ ಕೆಲಸ ಹೊಸದಾಗಿ ಸೇರಿದ ಹುಡುಗನದು. ಸೋಮವಾರ ಅವನನ್ನು ಕರೆದುಕೊಂಡು ಬಂದು ಪರಿಚಯ ಮಾಡಿಸಿದೆ. ಅಂಗಡಿಯವರು ಅವನ ಊರು ಕೇಳಿದರು. ರಾಣೆಬೆನ್ನೂರು ಅಂದ. ಮಂಗಳವಾರ ಹೋದಾಗ ಹಲಗೆಯ ಮೇಲೆ ಎರಡು ಕಟ್ಟು ಇದ್ದವು. "ಅದು ಹುಡುಗಂದು, ಇದು ನಿಮ್ದು" ಅಂದರು. ನನಗೆ ಇನ್ನು ಬೇಡ ಅಂತ ನಾನೂ ಹೇಳಿರಲಿಲ್ಲ. ಎರಡನ್ನೂ ತಗೊಂಡೆ.