ಅಂಗವಿಕಲರ ಪಿಂಚಣಿ: ಪರ್ಸೆಂಟೇಜ್ ಜಾಸ್ತಿ ಮಾಡಿಸ್ತೀನಿ ಅನ್ನೋರ ಕೈಗೆ ದುಡ್ಡು ಕೊಡಬೇಡಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ನಿಮ್ಮ ಮನೆಯಲ್ಲಿ ಯಾರಾದರೂ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕುತ್ತಿದ್ದರೆ ದಯವಿಟ್ಟು ಇದನ್ನು ಓದಿ.

ನಮ್ಮ ಚಿಕ್ಕಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ಸಕ್ಕರೆ ಕಾಯಿಲೆ, ಗಾಯ ಮಾಯಲಿಲ್ಲ, ಮಂಡಿಯ ಕೆಳಗೆ ಕಾಲು ತೆಗೆದರು. ಡಾಕ್ಟರು ಅಂಗವೈಕಲ್ಯ ಶೇ 60 ಅಂತ ಬರೆದರು, ಯುಡಿಐಡಿ ಕಾರ್ಡೂ (ಅಂಗವಿಕಲರ ಗುರುತಿನ ಚೀಟಿ) ಬಂತು. ಪಿಂಚಣಿಗೆ ಶೇ 40 ಇದ್ದರೆ ಸಾಕು. ಆದರೂ ಅರ್ಜಿ ತಿರಸ್ಕಾರ ಆಯಿತು.

ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಹತ್ತಿರ ಯಾವಾಗಲೂ ಒಬ್ಬ ಬ್ರೋಕರ್ ನಿಂತಿರುತ್ತಾನೆ. ಅವನು ಚಿಕ್ಕಮ್ಮನಿಗೆ, "ಪರ್ಸೆಂಟೇಜ್ ಕಮ್ಮಿ ಆಗಿದೆ ಕಣಮ್ಮ, 75 ಮಾಡಿಸಿಕೊಡ್ತೀನಿ, ಆಗ ದುಡ್ಡೂ ಜಾಸ್ತಿ ಬರುತ್ತೆ" ಅಂದನಂತೆ. ಮನೆಯಲ್ಲಿ ದುಡಿಯುವ ಕೈ ನಿಂತುಹೋಗಿರುವಾಗ ಇಂಥ ಮಾತು ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತೆ. ಚಿಕ್ಕಮ್ಮ ಓಲೆ ಅಡ ಇಟ್ಟು ದುಡ್ಡು ಕೊಟ್ಟರು. ಜೊತೆಗೆ ಡಾಕ್ಟರ ಸರ್ಟಿಫಿಕೇಟಿನ ಒರಿಜಿನಲ್ ಕೂಡ. ಅಲ್ಲಿಂದ ಮುಂದೆ ಅವನು ಫೋನ್ ಎತ್ತಲಿಲ್ಲ.

ವಿಷಯ ನನಗೆ ಗೊತ್ತಾದ ಮೇಲೆ ನಾಡಕಚೇರಿಗೆ ಹೋಗಿ ಹಿಂಬರಹ, ಅಂದರೆ ಅರ್ಜಿ ಯಾಕೆ ತಿರಸ್ಕಾರ ಆಯಿತು ಅನ್ನೋ ಲಿಖಿತ ಉತ್ತರ, ಕೇಳಿದೆ. ಕಾರಣ ಬರೆದು ಕೊಡಿ ಅಂತ ಪಟ್ಟು ಹಿಡಿದು ಕೇಳಬೇಕು, ಬಾಯಿಮಾತಿಗೆ ಒಪ್ಪಬೇಡಿ. ಅದರಲ್ಲಿ ಕಾಲಿನ ಸುದ್ದಿಯೇ ಇಲ್ಲ! ಕುಟುಂಬದ ಆದಾಯ ಮಿತಿ ಮೀರಿದೆ ಅಂತ ಇತ್ತು, ಅಷ್ಟೇ. ವರ್ಷಕ್ಕೆ 32,000 ರೂಪಾಯಿ ದಾಟಬಾರದು. ಚಿಕ್ಕಪ್ಪನ ಮಗ ಮದುವೆಯಾಗಿ ಬೆಂಗಳೂರಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ, ಆದರೆ ರೇಷನ್ ಕಾರ್ಡಿನಲ್ಲಿ ಅವನ ಹೆಸರು ಇನ್ನೂ ಇಲ್ಲೇ ಇತ್ತು, ಹಾಗಾಗಿ ಅವನ ಸಂಬಳ ಸೇರಿಸಿ ಮಾಡಿಸಿದ್ದ ಹಳೆಯ ಆದಾಯ ಪ್ರಮಾಣಪತ್ರವನ್ನೇ ಅರ್ಜಿಗೆ ಲಗತ್ತಿಸಿದ್ದರು. ಅಂದರೆ ಪರ್ಸೆಂಟೇಜ್ 60 ಇದ್ದರೂ 90 ಇದ್ದರೂ ಅರ್ಜಿ ಅಲ್ಲೇ ಬೀಳುತ್ತಿತ್ತು. ಇದು ಆ ಬ್ರೋಕರ್‌ಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ.

ಮಗನ ಹೆಸರು ತೆಗೆಸಿ, ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ನೋಡಿ ವರದಿ ಕೊಟ್ಟು, ಹೊಸ ಆದಾಯ ಪತ್ರ ಬಂದ ಮೇಲೆ ಮಂಜೂರಾಯಿತು. ಸುಳ್ಳು ಆದಾಯ ಬರೆಸಿ ಅಂತ ನಾನು ಹೇಳುತ್ತಿಲ್ಲ, ಇರೋದನ್ನು ಇರೋ ಹಾಗೆ ಬರೆಸಿ.

ಮಂಜೂರಾದರೂ ಪಾಸ್‌ಬುಕ್ಕಿಗೆ ದುಡ್ಡು ಬರಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅರ್ಜಿಯಲ್ಲಿ ಯಾವ ಅಕೌಂಟ್ ನಂಬರ್ ಬರೆದಿದ್ದೀರಿ ಅನ್ನೋದಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಜೋಡಣೆ ಆಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತೆ. ಚಿಕ್ಕಪ್ಪನದು ಎಂದೋ ಮಾಡಿಸಿ ಮರೆತುಹೋಗಿದ್ದ ಜನಧನ್ ಖಾತೆಗೆ ಜೋಡಣೆ ಆಗಿತ್ತು. ಬ್ಯಾಂಕಿನಲ್ಲಿ ಕೇಳಿ ಮೊದಲೇ ನೋಡಿಕೊಳ್ಳಿ.

ಹೆಸರೂ ಅಷ್ಟೇ. ನಮ್ಮ ಕಡೆ ಆಧಾರ್‌ನಲ್ಲಿ ನಾರಾಯಣಪ್ಪ, ರೇಷನ್ ಕಾರ್ಡಿನಲ್ಲಿ ನಾರಾಯಣಸ್ವಾಮಿ ಅನ್ನೋದು ಮಾಮೂಲು ಅಲ್ವಾ? ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ.

ಇದಕ್ಕೆಲ್ಲ ಬ್ರೋಕರ್ ಬೇಕಾಗಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಅವರನ್ನು ಕೇಳಿ. ಅಂಗವಿಕಲರಿಗೆ ಅರ್ಜಿ ಹಾಕಲು ನೆರವಾಗುವುದೇ ಅವರ ಕೆಲಸ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಚೀಟಿ ತಪ್ಪದೆ ಇಸ್ಕೊಳ್ಳಿ. ಆ ನಂಬರ್ ಇದ್ದರೆ ಅರ್ಜಿ ಎಲ್ಲಿದೆ ಅಂತ ನೀವೇ ನೋಡಬಹುದು, ತಡವಾದರೆ ಮೇಲ್ಮನವಿಯನ್ನೂ ಹಾಕಬಹುದು.

ಚಿಕ್ಕಪ್ಪನಿಗೆ ಈಗ ತಿಂಗಳಿಗೆ 800 ರೂಪಾಯಿ ಬರುತ್ತಿದೆ. ಕಳೆದುಹೋದ ತಿಂಗಳುಗಳದ್ದು ಸಿಗಲಿಲ್ಲ. ಬ್ರೋಕರ್ ಮೇಲೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ, ಓಲೆ ಇನ್ನೂ ಅಡದಲ್ಲೇ ಇದೆ. ಇದೇ ಥರ ನಿಮ್ಮಲ್ಲಿ ಯಾರಿಂದಾದರೂ ದುಡ್ಡು ಇಸ್ಕೊಂಡಿದ್ದರೆ ನೀವೂ ದೂರು ಕೊಡಿ. ಒರಿಜಿನಲ್ ಕಾಗದ ಮಾತ್ರ ಯಾರ ಕೈಗೂ ಬಿಟ್ಟುಕೊಡಬೇಡಿ.